ಒಂದೇ ಅಳತೆ

“ನನ್ನ ಮೈಯನ್ನು ನಾನು ಬೈದುಕೊಂಡರೆ ಬೇರೆಯವರಿಗೇನು ನಷ್ಟ, ಅಮ್ಮ?”

ಮಂದಿರದಲ್ಲಿ ಸೋಮವಾರದ ಪ್ರಾರ್ಥನೆ ಮುಗಿದು ಎಲ್ಲರೂ ಏಳುತ್ತಿದ್ದಾಗ ಕುಮುದಾ ಹೀಗೆ ಕೇಳಿದಳು. ಆಕೆ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಬೆಳಗಿನ ಹೊತ್ತು ಹೆಂಗಸರ ಗುಂಪಿನೊಂದಿಗೆ ಓಡುವ ಅಭ್ಯಾಸ ಇಟ್ಟುಕೊಂಡಿದ್ದಳು. ಅಂದು ಅವಲಕ್ಕಿಯ ತಟ್ಟೆ ತನ್ನ ಮುಂದೆ ಬಂದಾಗ ಮುಟ್ಟದೆ ಪಕ್ಕಕ್ಕೆ ದಾಟಿಸಿದ್ದಳು. ಯಾಕೆಂದು ಪಕ್ಕದವರು ಕೇಳಿದ್ದಕ್ಕೆ, ಈ ಎಮ್ಮೆಗೆ ಮೇವು ಕಡಿಮೆ ಮಾಡಿದ್ದೇನೆ ಎಂದು ತನ್ನ ಹೊಟ್ಟೆ ತೋರಿಸಿ ನಕ್ಕಿದ್ದಳು. ಗುರುಗಳಾದ ಮಹದೇವಮ್ಮನವರು ಅದನ್ನು ಕೇಳಿಸಿಕೊಂಡು, ಹಾಗೆ ಅನ್ನಬಾರದು ಎಂದಷ್ಟೇ ಹೇಳಿದ್ದರು. ಆ ಮಾತು ಕುಮುದಾಳನ್ನು ಚುಚ್ಚಿತ್ತು. ತಾನು ಇನ್ನೊಬ್ಬರ ಮೈಯನ್ನು ಆಡಿಕೊಂಡವಳಲ್ಲ, ದಪ್ಪಗಿರುವ ಮಕ್ಕಳನ್ನು ತರಗತಿಯಲ್ಲಿ ಯಾರಾದರೂ ಛೇಡಿಸಿದರೆ ಸುಮ್ಮನೆ ಬಿಡುವವಳೂ ಅಲ್ಲ, ಬೈಯುವುದೇನಿದ್ದರೂ ತನ್ನನ್ನು ಮಾತ್ರ ಎಂದು ಆಕೆ ವಾದಿಸಿದಳು.

ಮಹದೇವಮ್ಮನವರು ಕೂತುಕೊಳ್ಳುವಂತೆ ಕೈಸನ್ನೆ ಮಾಡಿದರು. ಆಮೇಲೆ ಈ ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಂದು ಊರು. ಊರಿನ ಕೆರೆ ಏರಿಯ ಮೇಲೆ ಜನ ನಡೆದಾಡಲೆಂದು ದಾರಿ ಮಾಡಿಸಿದ್ದರು. ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಹೆಂಗಸರ ಒಂದು ಗುಂಪು ಓಡುತ್ತಿತ್ತು. ಅವರು ಪದಕಕ್ಕಾಗಿ ಓಡುವವರಲ್ಲ. ಮನೆಗೆ ಹೋಗಿ ತಿಂಡಿ ಮಾಡಬೇಕಾದವರು, ಡಬ್ಬಿ ಕಟ್ಟಬೇಕಾದವರು, ಕೆಲಸಕ್ಕೆ ಹೊರಡಬೇಕಾದವರು. ದಿನದಲ್ಲಿ ಅದೊಂದು ಹೊತ್ತು ಮಾತ್ರ ಅವರನ್ನು ಯಾರೂ ಕೂಗಿ ಕರೆಯುತ್ತಿರಲಿಲ್ಲ.

ಆ ಗುಂಪಿನ ಕೊನೆಯಲ್ಲಿ ಇಬ್ಬರು ಓಡುತ್ತಿದ್ದರು. ಒಬ್ಬಳು ದಾಕ್ಷಾಯಣಿ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಇನ್ನೊಬ್ಬಳು ನಾಗವೇಣಿ, ಪೇಟೆಬೀದಿಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟವಳು. ಇಬ್ಬರದೂ ಒಂದೇ ಎತ್ತರ, ಒಂದೇ ಗಾತ್ರ. ಹಿಂದಿನಿಂದ ನೋಡಿದವರು ಅಕ್ಕತಂಗಿಯರು ಅಂದುಕೊಳ್ಳುತ್ತಿದ್ದರು. ಅಂಗಡಿಗಳಲ್ಲಿ ಸಿಗುವ ಓಟದ ಉಡುಪು ಇಬ್ಬರಿಗೂ ಆಗುತ್ತಿರಲಿಲ್ಲ. ನಾಗವೇಣಿಯೇ ಒಂದೇ ತಾನಿನ ಬಟ್ಟೆಯಲ್ಲಿ ಇಬ್ಬರಿಗೂ ಸಡಿಲವಾದ ಉಡುಪು ಹೊಲಿದಿದ್ದಳು. ದಾಕ್ಷಾಯಣಿಯ ಅಳತೆಯನ್ನು ಅವಳು ಎಂದೂ ತೆಗೆದವಳಲ್ಲ. ತಾನೇ ತೊಟ್ಟು ನೋಡುವಳು. ತನಗೆ ಸರಿಯಾದರೆ ಅವಳಿಗೂ ಸರಿ.

ಇಬ್ಬರೂ ಮಾತಾಡುತ್ತ ಓಡುತ್ತಿದ್ದರು. ಉಸಿರು ಕಟ್ಟಿದರೆ ನಡೆಯುತ್ತಿದ್ದರು, ಮಾತು ನಿಲ್ಲುತ್ತಿರಲಿಲ್ಲ. ಅತ್ತೆ, ನಾದಿನಿ, ಸಾಹೇಬರು, ಬಟ್ಟೆ ತಪ್ಪಾಯಿತೆಂದು ಜಗಳಕ್ಕೆ ಬರುವ ಗಿರಾಕಿಗಳು, ಎಲ್ಲರೂ ಆ ದಾರಿಯಲ್ಲಿ ಬಂದು ಹೋಗುತ್ತಿದ್ದರು. ಉಳಿದವರು ಓಟ ಮುಗಿಸಿ ಕಟ್ಟೆಯ ಮೇಲೆ ಕೂತು ಟೀ ಕುಡಿಯುವಾಗ ಇವರಿಬ್ಬರ ನಗು ದೂರದಿಂದಲೇ ಕೇಳುತ್ತಿತ್ತು. ಬಂದರಪ್ಪ ಎಂದು ಅವರು ಎರಡು ಲೋಟ ತೆಗೆದಿಡುತ್ತಿದ್ದರು.

ನಾಗವೇಣಿಗೆ ಓಟವೆಂದರೆ ಅಷ್ಟೇ ಆಗಿತ್ತು. ದಾಕ್ಷಾಯಣಿಗೆ ಮಾತ್ರ ಒಳಗೊಂದು ಮುಳ್ಳು ಇತ್ತು. ನೆಂಟರ ಮದುವೆಯಲ್ಲಿ ಅವಳ ಸೋದರತ್ತೆ ಪಂಕ್ತಿಯಲ್ಲಿ ಎಲ್ಲರೆದುರು, ದಿನಾ ಓಡ್ತೀಯಂತಲ್ಲ, ಓಡಿದ್ದೆಲ್ಲ ಎಲ್ಲಿ ಹೋಯಿತು ಎಂದು ಕೇಳಿದ್ದಳು. ಎಲೆಯ ಮೇಲಿದ್ದ ಹೋಳಿಗೆಯನ್ನು ದಾಕ್ಷಾಯಣಿ ಹಾಗೆಯೇ ಬಿಟ್ಟೆದ್ದಿದ್ದಳು. ಆ ವರ್ಷವೇ ಊರಿನಲ್ಲಿ ಒಂದು ಸಾರ್ವಜನಿಕ ಓಟ ನಡೆಯಿತು. ಓಡುವವರಿಗೆಲ್ಲ ಅಂಗಿ ಕೊಟ್ಟರು. ಹೆಂಗಸರ ಅಂಗಿಗಳಲ್ಲಿ ಎಲ್ಲಕ್ಕಿಂತ ದೊಡ್ಡದೂ ಇವರಿಬ್ಬರ ಹೆಗಲಲ್ಲಿ ಇಳಿಯಲಿಲ್ಲ. ಹಂಚುವವನು ಒಳಗೆ ಹೋಗಿ ಗಂಡಸರ ಅಂಗಿ ಎರಡು ತಂದುಕೊಟ್ಟ. ನಾಗವೇಣಿ ಅದನ್ನು ತೊಟ್ಟು, ಮನೆಯಲ್ಲಿ ಯಜಮಾನ ನಾನೇ ಅಂತ ಇವರಿಗೂ ಗೊತ್ತಾಗಿದೆ ಎಂದು ನಕ್ಕಳು. ದಾಕ್ಷಾಯಣಿಯ ಹೆಗಲ ಮೇಲೆ ಕೈ ಹಾಕಿ ಚಿತ್ರ ತೆಗೆಸಿಕೊಂಡಳು. ದಾಕ್ಷಾಯಣಿಯೂ ಚಿತ್ರಕ್ಕಾಗಿ ನಕ್ಕಳು. ಆದರೆ ಅಂದೇ ಅವಳು ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿದ್ದಳು.

ಅವಳು ಮುದ್ದೆ ಬಿಟ್ಟಳು, ಅನ್ನ ಬಿಟ್ಟಳು. ಮನೆಯವರಿಗೆ ಬಡಿಸಿ ತಾನು ಮಜ್ಜಿಗೆ ಕುಡಿದು ಎದ್ದಳು. ಸಂಜೆಯೂ ಓಡಿದಳು. ಹಸಿವಾದರೆ ನೀರು ಕುಡಿದು ಮಲಗಿದಳು. ಮೈ ಇಳಿಯತೊಡಗಿತು. ಮೊದಲು ಕಚೇರಿಯವರು ಗುರುತಿಸಿದರು, ಆಮೇಲೆ ಬೀದಿಯವರು, ಕೊನೆಗೆ ಸೋದರತ್ತೆ. ಏನು ಮಾಡಿದೆ ಎಂದು ಎಲ್ಲರೂ ಕೇಳುವವರೇ. ಹುಟ್ಟಿದಾಗಿನಿಂದ ಯಾರೂ ಅವಳನ್ನು ಅಷ್ಟು ಹೊತ್ತು ನೋಡಿರಲಿಲ್ಲ.

ಕೆರೆ ಏರಿಯ ಮೇಲೆ ಅವಳ ಕಾಲು ಹಗುರವಾಯಿತು. ನಾಗವೇಣಿ ಏದುಸಿರು ಬಿಡುತ್ತ, ನೀನು ಮುಂದೆ ಹೋಗು, ನಾನು ಬರ್ತೀನಿ ಅಂದಳು. ದಾಕ್ಷಾಯಣಿ ಮುಂದೆ ಹೋಗಿ ತಿರುವಿನಲ್ಲಿ ಕಾದಳು. ಕೆಲವು ದಿನ ಹಾಗೆ ಕಾದಳು. ಆಮೇಲೆ ಕಾಯುವುದನ್ನು ಬಿಟ್ಟಳು. ವೇಗ ಕೆಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ನಿಜ ಬೇರೆ ಇತ್ತು, ಅದು ಅವಳಿಗೂ ಅರ್ಧ ತಿಳಿದಿತ್ತು. ನಾಗವೇಣಿ ಪಕ್ಕದಲ್ಲಿ ಓಡುವಾಗ ಅವಳ ತೊಡೆ ಕುಲುಕುವುದು, ಬೆವರಿಗೆ ನೆನೆದ ಉಡುಪು ಬೆನ್ನಿಗೆ ಅಂಟಿಕೊಳ್ಳುವುದು ದಾಕ್ಷಾಯಣಿಯ ಕಣ್ಣಿಗೆ ಬೀಳುತ್ತಿತ್ತು. ಮೊದಲು ಅದನ್ನು ಅವಳು ನೋಡಿಯೇ ಇರಲಿಲ್ಲ. ಈಗ ನೋಡಿದಾಗಲೆಲ್ಲ, ನಿನ್ನೆಯವರೆಗೆ ನಾನೂ ಹೀಗೇ ಇದ್ದೆನಲ್ಲ ಎಂದು ಮೈ ಮುದುಡುತ್ತಿತ್ತು. ಮುಂದೆ ಓಡಿದರೆ ಅದು ಕಾಣುತ್ತಿರಲಿಲ್ಲ.

ನಾಗವೇಣಿ ಒಬ್ಬಳೇ ಹಿಂದೆ ಉಳಿದಳು. ಆದರೂ ಬರುವುದನ್ನು ತಪ್ಪಿಸಲಿಲ್ಲ. ಗೆಳತಿಯ ಹೊಸ ಮೈಗೆ ಹೊಸ ರವಿಕೆಗಳನ್ನು ಹೊಲಿದುಕೊಟ್ಟಳು. ಮೊದಲ ಬಾರಿ ಅವಳ ಸೊಂಟಕ್ಕೆ ಟೇಪು ಸುತ್ತಿ ಅಳತೆ ತೆಗೆದಳು. ಎಷ್ಟು ಚೆನ್ನಾಗಿ ಕಾಣ್ತೀಯ ಎಂದು ಮನಸಾರೆ ಹೇಳಿದಳು. ಅವಳಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ.

ಗುಂಪಿನ ವಾರ್ಷಿಕೋತ್ಸವ ಬಂತು. ಸಮುದಾಯ ಭವನದಲ್ಲಿ ಸೇರಿದರು. ದಾಕ್ಷಾಯಣಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಉಳಿದ ಹೆಂಗಸರಿಗೆ ಉತ್ಸಾಹ ಬರುವಂತೆ ನಾಲ್ಕು ಮಾತಾಡಿ ಎಂದರು. ಅವಳು ಹಳೆಯ ಚಿತ್ರವೊಂದನ್ನು ಗೋಡೆಯ ಮೇಲಿನ ಪರದೆಗೆ ಹಾಕಿಸಿದಳು. ಗಂಡಸರ ಅಂಗಿ ತೊಟ್ಟು ಇಬ್ಬರೂ ನಿಂತಿದ್ದ ಆ ಚಿತ್ರ. ತನ್ನದನ್ನಷ್ಟೇ ತೋರಿಸಬೇಕೆಂದು ಮನೆಯಲ್ಲಿ ಯೋಚಿಸಿದ್ದಳು. ಆದರೆ ನಾಗವೇಣಿಯ ತೋಳು ಅವಳ ಹೆಗಲನ್ನು ಬಳಸಿತ್ತು. ಅದನ್ನು ಕತ್ತರಿಸಿದರೆ ತನ್ನ ಹೆಗಲೂ ಹೋಗುತ್ತಿತ್ತು. ಇರಲಿ ಬಿಡು ಎಂದು ಹಾಗೆಯೇ ತಂದಿದ್ದಳು.

“ನೋಡಿ, ಇದು ನಾನು,” ಎಂದಳು ದಾಕ್ಷಾಯಣಿ. “ಗೋಣಿಚೀಲ. ಈಗ ನೋಡಿದರೆ ನನಗೇ ಹೇಸಿಗೆ ಆಗುತ್ತೆ. ಇಂಥ ಮೈ ಹೊತ್ಕೊಂಡು ನಾಚಿಕೆ ಇಲ್ಲದೆ ಊರೆಲ್ಲ ಓಡಾಡಿದೆನಲ್ಲ ಅನ್ನಿಸುತ್ತೆ.”

ಜನ ನಕ್ಕರು. ನಗುತ್ತಲೇ ಕೆಲವರ ಕತ್ತು ನಾಗವೇಣಿ ಕೂತಿದ್ದ ಸಾಲಿನ ಕಡೆ ತಿರುಗಿತು. ನಾಗವೇಣಿಯೂ ನಗುತ್ತಿದ್ದಳು. ಚಪ್ಪಾಳೆ ತಟ್ಟುವಾಗ ಅವಳೂ ತಟ್ಟಿದಳು. ಕಾರ್ಯಕ್ರಮದ ಕೊನೆಯಲ್ಲಿ ಊಟವಿತ್ತು. ಗಿರಾಕಿ ಬರುತ್ತಾರೆ, ಅಂಗಡಿ ತೆಗೆಯಬೇಕು ಎಂದು ಹೇಳಿ ಅವಳು ಎಲೆಯ ಮುಂದೆ ಕೂರದೆ ಹೊರಟುಹೋದಳು.

ಮನೆಗೆ ಬಂದ ಮೇಲೆ ದಾಕ್ಷಾಯಣಿಗೆ ಯಾಕೋ ಇರುಸುಮುರುಸಾಯಿತು. ಆಡಿದ ಮಾತನ್ನು ಒಂದೊಂದಾಗಿ ನೆನೆದು ನೋಡಿದಳು. ಅದರಲ್ಲಿ ನಾಗವೇಣಿಯ ಹೆಸರಿರಲಿಲ್ಲ. ನಾನು ಬೈದದ್ದು ನನ್ನನ್ನು, ಅದು ನನ್ನ ಹಕ್ಕು ಎಂದುಕೊಂಡು ಸಮಾಧಾನ ಮಾಡಿಕೊಂಡಳು.

ಮಾರನೆಯ ದಿನ ನಾಗವೇಣಿ ಕೆರೆಗೆ ಬರಲಿಲ್ಲ. ಆ ವಾರ ಬರಲಿಲ್ಲ. ದಾಕ್ಷಾಯಣಿ ಫೋನ್ ಮಾಡಿದಾಗ, ಮದುವೆಗಳ ಕಾಲ, ಹೊಲಿಗೆ ಬಹಳ ಬಂದಿದೆ ಅಂದಳು. ಅದು ಸುಳ್ಳೂ ಆಗಿರಲಿಲ್ಲ. ಆಮೇಲೆ ದಾಕ್ಷಾಯಣಿ ಫೋನ್ ಮಾಡುವುದು ಕಡಿಮೆಯಾಯಿತು. ಟೀ ಕುಡಿಯುವವರು ಹಿಂದೆ ಯಾರು ಉಳಿದಿದ್ದಾರೆ ಎಂದು ನೋಡುವುದನ್ನೂ ಬಿಟ್ಟರು.

ಒಂದು ಬೆಳಿಗ್ಗೆ ಓಡುತ್ತಿದ್ದಾಗ ದಾಕ್ಷಾಯಣಿಯ ಮೊಣಕಾಲ ಕೆಳಗೆ ಏನೋ ಚಳಕ್ಕೆಂದಿತು. ಅವಳು ಎಡವಿರಲಿಲ್ಲ, ಬಿದ್ದಿರಲಿಲ್ಲ. ಆದರೂ ಮೂಳೆ ಬಿರುಕು ಬಿಟ್ಟಿತ್ತು. ವೈದ್ಯೆ ಅವಳ ಊಟದ ಬಗ್ಗೆ ಕೇಳಿದರು, ಮುಟ್ಟಿನ ಬಗ್ಗೆ ಕೇಳಿದರು. ಅದು ನಿಂತು ಬಹಳ ಕಾಲವಾಗಿತ್ತು. ಓಡುವುದಕ್ಕೆ ಅನುಕೂಲವಾಯಿತೆಂದು ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಮೈ ತಿನ್ನಲು ಏನೂ ಸಿಗದೆ ತನ್ನ ಮೂಳೆಯನ್ನೇ ತಿಂದಿದೆ ಎಂದರು ವೈದ್ಯೆ.

ಅವಳು ಮಲಗಿದಳು. ತಾಯಿ ಬಂದು ನಿಂತು ಊಟ ಮಾಡಿಸಿದರು. ಮೊದಮೊದಲು ತುತ್ತು ಗಂಟಲಲ್ಲಿ ಇಳಿಯದೆ ಅತ್ತಳು. ನಿಧಾನವಾಗಿ ಮೈ ತುಂಬಿಕೊಂಡಿತು. ಮೂಳೆ ಕೂಡಿತು. ನಡೆದಾಡುವ ಹೊತ್ತಿಗೆ ಅವಳು ಮೊದಲಿನ ಗಾತ್ರಕ್ಕೇ ಬಂದಿದ್ದಳು. ನೋಡಲು ಬಂದವರು ಅವಳ ಬಿಗಿಯಾದ ರವಿಕೆಯ ಕಡೆ ನೋಡಿ, ಪಾಪ ಅಂದರು. ಎಷ್ಟು ಕಷ್ಟಪಟ್ಟಿದ್ದೆ ಅಂದರು.

ಮಲಗಿದ್ದಷ್ಟು ದಿನವೂ ಅವಳಿಗೆ ಮುಂದೆ ಓಡುವ ಹೆಂಗಸರು ನೆನಪಾಗಲಿಲ್ಲ. ನಾಗವೇಣಿಯ ಮಾತು ನೆನಪಾಯಿತು. ಉಸಿರಿಗೆ ಸಿಕ್ಕಿಕೊಂಡು ತುಂಡುತುಂಡಾಗಿ ಬರುತ್ತಿದ್ದ ಆ ಮಾತು. ಕಾಲೂರಿ ನಡೆಯುವಂತಾದ ಮೇಲೆ ಅವಳು ಮೊದಲು ಹೋದದ್ದು ನಾಗವೇಣಿಯ ಅಂಗಡಿಗೆ. ಹಾಡುಹಗಲೇ ಬಾಗಿಲು ಮುಚ್ಚಿತ್ತು. ಹಿಂದಿನ ಓಣಿಯಲ್ಲಿ ಅವಳ ಮನೆ. ಬಾಗಿಲು ತಟ್ಟಿದಳು.

ಬಾಗಿಲು ತೆಗೆದವಳು ನಾಗವೇಣಿಯೇ. ಗುರುತು ಹಿಡಿಯಲು ದಾಕ್ಷಾಯಣಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕೆನ್ನೆ ಒಳಗೆ ಹೋಗಿತ್ತು. ಕೊರಳ ಮೂಳೆ ಎದ್ದು ನಿಂತಿತ್ತು. ಕೈ ಎತ್ತಿದರೆ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಒಳಗಿನಿಂದ ಅವಳ ಗಂಡ ಬಂದ. ಇವಳು ಊರಿನ ಆಚೆ ರಸ್ತೆಯಲ್ಲಿ ಒಬ್ಬಳೇ ಓಡುತ್ತಾಳೆ, ಅನ್ನ ಮುಟ್ಟುವುದಿಲ್ಲ, ಹೊಲಿಗೆ ಯಂತ್ರದ ಮೇಲೆಯೇ ತಲೆ ತಿರುಗಿ ಬಿದ್ದಿದ್ದಳು, ನೀವಾದರೂ ಹೇಳಿ ಎಂದು ಬೇಡಿಕೊಂಡ.

ನಾಗವೇಣಿ ಅವನ ಮಾತನ್ನು ಕೇಳಿಸಿಕೊಂಡ ಹಾಗಿರಲಿಲ್ಲ. ಅವಳು ಗೆಳತಿಯನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು. ತೋಳು, ಹೊಟ್ಟೆ, ಸೊಂಟ. ಅವಳ ಮುಖದಲ್ಲಿ ಕೋಪವಿರಲಿಲ್ಲ. ಕರುಣೆಯಿತ್ತು.

“ಪರವಾಗಿಲ್ಲ ದಾಕ್ಷಾಯಣಿ,” ಅಂದಳು. “ಮತ್ತೆ ಇಳಿಸಬಹುದು. ನಾನು ಹೇಳಿಕೊಡ್ತೀನಿ.”

ದಾಕ್ಷಾಯಣಿ ಹೊಸ್ತಿಲ ಮೇಲೆಯೇ ಕೂತಳು. ಅಂದು ಭವನದಲ್ಲಿ ಆಡಿದ್ದು ತಪ್ಪು ಮಾತು, ಆದರೆ ಅದು ನಿನ್ನನ್ನು ಕುರಿತದ್ದಲ್ಲ, ನಿನ್ನ ಬಗ್ಗೆ ನಾನು ಒಂದು ಅಕ್ಷರವೂ ಅನ್ನಲಿಲ್ಲ, ನೀನು ಆಗ ಚೆನ್ನಾಗಿದ್ದೆ, ನಿಜವಾಗಿ ಚೆನ್ನಾಗಿದ್ದೆ ಎಂದು ಅಳುತ್ತ ಹೇಳಿದಳು.

“ಹೌದು, ನನ್ನ ಬಗ್ಗೆ ನೀನು ಒಂದು ಮಾತೂ ಅನ್ನಲಿಲ್ಲ,” ಅಂದಳು ನಾಗವೇಣಿ. “ಅದಕ್ಕೇ ನಂಬಿದೆ. ನನ್ನ ಮುಖಕ್ಕೇ ಬೈದಿದ್ದರೆ ಜಗಳ ಆಡ್ತಿದ್ದೆ. ಒಂದು ವಾರ ಮಾತು ಬಿಡ್ತಿದ್ದೆ, ಆಮೇಲೆ ಸರಿಹೋಗ್ತಿತ್ತು. ನೀನು ನಿನ್ನ ಬಗ್ಗೆ ಸುಳ್ಳು ಯಾಕೆ ಹೇಳ್ತೀಯ?”

ದಾಕ್ಷಾಯಣಿ ಅವಳನ್ನು ತನಗೆ ಚಿಕಿತ್ಸೆ ಕೊಟ್ಟ ವೈದ್ಯೆಯ ಬಳಿ ಕರೆದೊಯ್ದಳು. ನಾಗವೇಣಿ ಹಟ ಮಾಡದೆ ಬಂದಳು, ಹೇಳಿದ್ದಕ್ಕೆಲ್ಲ ತಲೆಯಾಡಿಸಿದಳು, ಔಷಧಿ ತಂದು ಗೂಡಿನಲ್ಲಿಟ್ಟಳು. ದಾಕ್ಷಾಯಣಿ ದಿನವೂ ಕಚೇರಿಯಿಂದ ಬಿಡುವು ಮಾಡಿಕೊಂಡು ಬುತ್ತಿ ಹಿಡಿದು ಬಂದಳು. ಎದುರಿಗೆ ಕೂತು ತಾನು ಉಂಡು ತೋರಿಸಿದಳು. ನಾಗವೇಣಿ ಎರಡು ತುತ್ತು ತಿಂದಂತೆ ಮಾಡಿ ಮಿಕ್ಕಿದ್ದನ್ನು ತಟ್ಟೆಯಲ್ಲಿ ಹರಡುತ್ತಿದ್ದಳು. ಅವಳ ಕಣ್ಣು ಮಾತ್ರ ದಾಕ್ಷಾಯಣಿಯ ಬಾಯಿಗೆ ಹೋಗುವ ಪ್ರತಿ ತುತ್ತಿನ ಮೇಲೂ ಇರುತ್ತಿತ್ತು. ಒಂದು ಮಧ್ಯಾಹ್ನ ಅವಳು ಬುತ್ತಿಯ ಮುಚ್ಚಳವನ್ನು ತಾನೇ ಮುಚ್ಚಿ, ನೀನು ಇನ್ನು ಬರಬೇಡ ಅಂದಳು. ಯಾಕೆಂದು ದಾಕ್ಷಾಯಣಿ ಕೇಳಿದಳು. ನಾಗವೇಣಿ ತಲೆ ತಗ್ಗಿಸಿ, ನಿನ್ನನ್ನು ನೋಡಿದರೆ ನನಗೆ ಭಯ ಆಗುತ್ತೆ ಅಂದಳು.

ಆ ಭಯ ಎಂಥದೆಂದು ದಾಕ್ಷಾಯಣಿಗೆ ವಿವರಿಸಬೇಕಾಗಿರಲಿಲ್ಲ. ಅವಳು ಬುತ್ತಿ ಎತ್ತಿಕೊಂಡು ಬಂದಳು. ಬಿಸಿಲಿನಲ್ಲಿ ಬಹಳ ದೂರ ನಡೆದಳು. ಆ ದಿನ ಅವಳು ಕಚೇರಿಗೆ ಮರಳಿ ಹೋಗಲಿಲ್ಲ.

ಮಳೆಗಾಲದ ಹೊತ್ತಿಗೆ ನಾಗವೇಣಿಯನ್ನು ಆಸ್ಪತ್ರೆಗೆ ಸೇರಿಸಿದರು. ಬದುಕಿ ಬಂದಳು, ಆದರೆ ಯಂತ್ರ ತುಳಿಯುವ ಶಕ್ತಿ ಉಳಿದಿರಲಿಲ್ಲ. ಅವಳ ಅಕ್ಕ ಬಂದು ತನ್ನ ಊರಿಗೆ ಕರೆದುಕೊಂಡು ಹೋದಳು. ಅಲ್ಲಿ ಯಾರಾದರೂ ಕಲಸಿ ಬಾಯಿಗಿಟ್ಟರೆ ತಿನ್ನುತ್ತಾಳಂತೆ ಎಂದು ಕೆಲವರು ಹೇಳುತ್ತಾರೆ. ಅದೂ ಇಲ್ಲವಂತೆ ಎಂದು ಕೆಲವರು ಹೇಳುತ್ತಾರೆ. ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುವವರಿದ್ದಾರೆ.

ದಾಕ್ಷಾಯಣಿ ಮತ್ತೆ ಕೆರೆ ಏರಿಗೆ ಹೋದಳು. ನಿಧಾನವಾಗಿ ಓಡುತ್ತಾಳೆ, ಎಲ್ಲರಿಗಿಂತ ಹಿಂದೆ. ಗುಂಪಿಗೆ ಹೊಸಬರು ಸೇರಿದ್ದಾರೆ, ಅವರಲ್ಲಿ ಮೈ ತುಂಬಿದವರೂ ಇದ್ದಾರೆ. ಅವರ ಎದುರು ಅವಳು ಮೈಯ ಮಾತೆತ್ತುವುದಿಲ್ಲ. ಹೊಗಳುವುದಿಲ್ಲ, ಹಳಿಯುವುದಿಲ್ಲ, ತನ್ನನ್ನೂ ಅಷ್ಟೆ. ಈಕೆ ತನ್ನನ್ನು ಒಪ್ಪಿಕೊಂಡಿದ್ದಾಳೆ, ಎಂಥ ಮನಸ್ಸು ಎಂದು ಅವರು ಮಾತಾಡಿಕೊಳ್ಳುತ್ತಾರೆ. ಅವಳು ಒಪ್ಪಿಕೊಂಡಿದ್ದಾಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಬಾಯಿ ತೆರೆಯಲು ಅವಳಿಗೆ ಹೆದರಿಕೆ, ಅಷ್ಟೆ.

ಮಹದೇವಮ್ಮನವರು ಕತೆ ನಿಲ್ಲಿಸಿದರು. ಮಂದಿರದಲ್ಲಿ ಇವರಿಬ್ಬರನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ. ಕುಮುದಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಆ ಹೆಂಗಸು ಅಷ್ಟು ಜನರ ಮುಂದೆ ಆಡಿದಳು, ಅದಕ್ಕೇ ಹಾಗಾಯಿತು ಎಂದಳು. ತಾನು ಹಾಗೆ ವೇದಿಕೆ ಹತ್ತಿದವಳಲ್ಲ. ಇವತ್ತು ಬಾಯಿ ತಪ್ಪಿ ಬಂತು. ಉಳಿದಂತೆ ಬೆಳಿಗ್ಗೆ ಓಡಿ ಬಂದ ಮೇಲೆ ಮನೆಯ ಕನ್ನಡಿಯ ಮುಂದೆ ನಿಂತು ಬೈದುಕೊಳ್ಳುತ್ತೇನೆ, ಗಂಡ, ಮಗಳನ್ನು ಬಿಟ್ಟರೆ ಅದನ್ನು ಯಾರೂ ಕೇಳಿದವರಿಲ್ಲ ಎಂದಳು.

ಮಹದೇವಮ್ಮನವರು ಗೋಡೆ ಹಿಡಿದು ನಿಧಾನವಾಗಿ ಎದ್ದರು. ಅವಲಕ್ಕಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದವರು ಬಾಗಿಲ ಬಳಿ ತಿರುಗಿ ನಿಂತರು.

“ನಿನ್ನ ಮಗಳು ಮೈಕಟ್ಟಿನಲ್ಲಿ ಯಾರ ಹಾಗಿದ್ದಾಳೆ, ಕುಮುದಾ?”